ಕಾಯದ ಕ್ಷೇಮ, ಕೆರೆಯ ಕ್ಷೇಮ: ಸಮಗ್ರ ಆರೋಗ್ಯದ ಕಲ್ಪನೆಗೊಂದು ವಿಮರ್ಶೆ

ಆರೋಗ್ಯವೆಂದರೆ ರೋಗವಿಲ್ಲದ ಸ್ಥಿತಿ ಮಾತ್ರವಲ್ಲ. ಆಹಾರ, ನಿದ್ರೆ, ದುಡಿಮೆ, ವಿಶ್ರಾಂತಿ, ಮನಸ್ಸು, ಸಂಬಂಧ ಇವೆಲ್ಲ ಒಂದಕ್ಕೊಂದು ಹೊಂದಿಕೊಂಡು ನಡೆಯುವ ಜೀವನಕ್ರಮದ ಫಲವದು ಎಂಬ ಮಾತು ಈಗ ಸರ್ವಸಾಮಾನ್ಯವಾಗಿದೆ. ಯೋಗಶಿಬಿರಗಳಲ್ಲಿ, ಪ್ರಕೃತಿ ಚಿಕಿತ್ಸೆಯ ಕೇಂದ್ರಗಳಲ್ಲಿ, ಪತ್ರಿಕೆಗಳ ಆರೋಗ್ಯ ಅಂಕಣಗಳಲ್ಲಿ ಈ ವಿಚಾರ ‘ಸಮಗ್ರ ಆರೋಗ್ಯ’ವೆಂಬ ಹೆಸರಿನಿಂದ ಪ್ರಚಾರದಲ್ಲಿದೆ. ಈ ಮಾತು ಸುಳ್ಳಲ್ಲ, ಹೊಸದೂ ಅಲ್ಲ. ಆದರೆ ‘ಸಮಗ್ರ’ವೆಂಬ ವಿಶೇಷಣ ಬಹು ದೊಡ್ಡದು. ಅದನ್ನು ಬಳಸುವವರು ಅದರ ಭಾರವನ್ನೂ ಹೊರಬೇಕಾಗುತ್ತದೆ. ಯಾವುದನ್ನು ಒಳಗೊಂಡರೆ ಆರೋಗ್ಯ ಸಮಗ್ರವಾಗುತ್ತದೆ, ಯಾವುದನ್ನು ಹೊರಗಿಟ್ಟರೆ ಅದು ಖಂಡವಾಗಿ ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಕೇಳದೆ ಆ ವಿಶೇಷಣವನ್ನು ಒಪ್ಪುವುದು ವಿಚಾರವಂತರಿಗೆ ತರವಲ್ಲ. ಈ ಪ್ರಶ್ನೆಯನ್ನು ಆಕಾಶದಲ್ಲಿ ನಿಂತು ಕೇಳುವುದಕ್ಕಿಂತ ಒಂದು ನೆಲದ ಮೇಲೆ ನಿಂತು ಕೇಳುವುದು ಲೇಸು. ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕಿನ ಕುರುಡುಮಲೆಯ ಸೀಮೆ ಅಂಥ ಪರೀಕ್ಷೆಗೆ ತಕ್ಕ ನೆಲ.

ಮುಳಬಾಗಿಲಿನಿಂದ ಸುಮಾರು ಹತ್ತು ಕಿಲೋಮೀಟರು ದೂರದ ಕುರುಡುಮಲೆ ಆರಂಭಗಳ ಊರು. ದೇವತೆಗಳು ಕೂಡಿದ ಮಲೆಯಾದ್ದರಿಂದ ಇದು ಕೂಡುಮಲೆ, ಸಂಸ್ಕೃತದಲ್ಲಿ ಕೂಟಾದ್ರಿ ಎಂದು ಸ್ಥಳಪುರಾಣ ಹೇಳುತ್ತದೆ. ಸುಮಾರು ಹದಿಮೂರು ಅಡಿ ಎತ್ತರದ ಏಕಶಿಲಾ ಗಣಪತಿಗೆ ಕೈಮುಗಿದ ಮೇಲೆಯೇ ಹೊಸ ಕೆಲಸಕ್ಕೆ ಕೈಹಾಕುವುದು ಸುತ್ತಣ ಜನರ ರೂಢಿ. ರಾಜಕೀಯ ಪಕ್ಷಗಳ ನಾಯಕರು ಚುನಾವಣೆಯ ಪ್ರಚಾರವನ್ನು ಈ ಸನ್ನಿಧಿಯಿಂದ ಪ್ರಾರಂಭಿಸುವುದೂ ಬಹುಕಾಲದಿಂದ ನಡೆದುಬಂದಿದೆ. ಗಣಪತಿಯ ಗುಡಿಗಿಂತ ಪ್ರಾಚೀನವಾದ ಸೋಮೇಶ್ವರ ದೇವಾಲಯ ಚೋಳರ ಕಾಲದ ಶಿಲ್ಪವೆಂದು ಪರಿಗಣಿತವಾಗಿದ್ದು, ಅದರ ಕೆತ್ತನೆಯಲ್ಲಿ ಜಕಣಾಚಾರಿ ಡಂಕಣಾಚಾರಿಯರ ಕೈಗಳನ್ನು ಜನತೆಯ ಕಥೆ ಗುರುತಿಸುತ್ತದೆ. ಸುತ್ತಲೂ ಕಗ್ಗಲ್ಲಿನ ಗುಡ್ಡಗಳು, ನಡುನಡುವೆ ಕೆಂಪು ನೆಲ, ರಾಗಿಯ ಹೊಲ, ಟೊಮೆಟೊ ತೋಟ. ವರ್ಷಪೂರ್ತಿ ಹರಿಯುವ ನದಿ ಈ ಜಿಲ್ಲೆಯಲ್ಲಿಲ್ಲ. ಆದುದರಿಂದಲೇ ಹಿಂದಿನವರು ಮಳೆಯ ನೀರನ್ನು ತಡೆದು ನಿಲ್ಲಿಸಿ, ಒಂದು ಕೆರೆಯ ಕೋಡಿ ಹರಿದು ಮತ್ತೊಂದು ಕೆರೆಯನ್ನು ತುಂಬುವಂತೆ ಸಾಲುಸಾಲು ಕೆರೆಗಳನ್ನು ಕಟ್ಟಿದರು. 1905ರಲ್ಲಿ ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟದಲ್ಲಿ ಸಂಗ್ರಹಿಸಿದ ಶಾಸನಗಳು ಈ ಜಿಲ್ಲೆಯವೇ. ಕೆರೆಯನ್ನು ಕಟ್ಟಿದವನಿಗೂ ಕಾದವನಿಗೂ ಭೂಮಿಯನ್ನು ಬಿಟ್ಟುಕೊಡುತ್ತಿದ್ದ ಬಿತ್ತುವಟ್ಟ, ಕಟ್ಟುಗೊಡಗೆಗಳ ಪದ್ಧತಿ ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ಪರಿಚಿತವಾದುದು.

ಇನ್ನು ಕಲ್ಪನೆಯ ಚರಿತ್ರೆಯನ್ನು ನೋಡಬಹುದು. 1946ರಲ್ಲಿ ಅಂಗೀಕೃತವಾಗಿ 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ, ದೈಹಿಕ, ಮಾನಸಿಕ ಹಾಗೂ ಸಾಮಾಜಿಕ ಕ್ಷೇಮದ ಪರಿಪೂರ್ಣ ಸ್ಥಿತಿಯನ್ನು ಆರೋಗ್ಯವೆಂದು ಕರೆಯಿತು. ಅದರಲ್ಲಿ ‘ಸಾಮಾಜಿಕ’ ಎಂಬ ಪದವಿದ್ದುದು ಗಮನಾರ್ಹ. 1961ರಲ್ಲಿ ಅಮೆರಿಕೆಯ ವೈದ್ಯ ಹಾಲ್ಬರ್ಟ್ ಡನ್ ಅವರು ಉನ್ನತ ಮಟ್ಟದ ಸ್ವಾಸ್ಥ್ಯವನ್ನು ಕುರಿತು ಪುಸ್ತಕ ಪ್ರಕಟಿಸಿದರು. ಅಲ್ಲಿಂದೀಚೆಗೆ ಬೆಳೆದ ಚಳವಳಿಯಲ್ಲಿ ಒತ್ತು ಮೆಲ್ಲಮೆಲ್ಲನೆ ವ್ಯಕ್ತಿಯ ಕಡೆಗೆ, ಅವನ ಆಯ್ಕೆ ಮತ್ತು ಶಿಸ್ತಿನ ಕಡೆಗೆ ಸರಿಯಿತು. ‘ಪರಿಪೂರ್ಣ’ ಎಂಬ ಮಾತಿಗೂ ಆಕ್ಷೇಪ ಬಾರದಿರಲಿಲ್ಲ. ಆ ಅಳತೆಯಿಂದ ನೋಡಿದರೆ ವೃದ್ಧರೂ ದೀರ್ಘರೋಗಿಗಳೂ ಎಂದೆಂದಿಗೂ ಅನಾರೋಗ್ಯವಂತರೇ ಆಗಬೇಕಾಗುತ್ತದೆ. 2011ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ ಮಾಖ್ಟೆಲ್ಡ್ ಹ್ಯೂಬರ್ ಮತ್ತು ಸಂಗಡಿಗರು ಈ ದೋಷವನ್ನು ತೋರಿಸಿ, ಒದಗಿಬಂದ ಸವಾಲುಗಳಿಗೆ ಹೊಂದಿಕೊಂಡು ತನ್ನನ್ನು ತಾನು ನಿರ್ವಹಿಸಿಕೊಳ್ಳುವ ಸಾಮರ್ಥ್ಯವನ್ನೇ ಆರೋಗ್ಯವೆಂದು ತಿಳಿಯಬೇಕೆಂದು ಸೂಚಿಸಿದರು. ಇದು ವಿವೇಕದ ಮಾತು. ಆದರೆ ಯಾವುದಕ್ಕೆ ಹೊಂದಿಕೊಳ್ಳಬೇಕು, ಯಾವುದಕ್ಕೆ ಹೊಂದಿಕೊಳ್ಳಬಾರದು ಎಂಬ ಪ್ರಶ್ನೆ ಇಲ್ಲಿ ಇನ್ನಷ್ಟು ತೀಕ್ಷ್ಣವಾಗುತ್ತದೆ. ಕೆಟ್ಟ ನೀರಿಗೆ ಹೊಂದಿಕೊಳ್ಳುವುದು ಆರೋಗ್ಯವಾಗಲಾರದು.

ಕುರುಡುಮಲೆಯ ಸೀಮೆಯ ಒಬ್ಬ ರೈತ ಈ ಸಮಗ್ರ ಜೀವನಕ್ರಮವನ್ನು ಶ್ರದ್ಧೆಯಿಂದ ಅನುಸರಿಸಿದನೆಂದು ಭಾವಿಸಿದರೆ ಆಗುವುದೇನು? ಅವನು ಬ್ರಾಹ್ಮೀ ಮುಹೂರ್ತದಲ್ಲಿ ಏಳುತ್ತಾನೆ. ಅದು ಅವನಿಗೆ ಹೊಸದಲ್ಲ. ತಾಮ್ರದ ಚೊಂಬಿನಲ್ಲಿ ರಾತ್ರಿಯಿಟ್ಟ ನೀರನ್ನು ಬೆಳಗ್ಗೆ ಕುಡಿಯುತ್ತಾನೆ. ಬಿಸಿಲಿನಲ್ಲಿ ದುಡಿಯುವವನಾದ್ದರಿಂದ ದಿನಕ್ಕೆ ನಾಲ್ಕೈದು ಲೀಟರು ನೀರು ಅವನಿಗೆ ಬೇಕೇಬೇಕು. ಅವನ ಊಟ ರಾಗಿಮುದ್ದೆ. ಅದು ಬೇಯುವುದೂ ಅದೇ ನೀರಿನಲ್ಲಿ. ಮದ್ಯವಿಲ್ಲ, ತಂಬಾಕಿಲ್ಲ, ಹೊತ್ತಿಗೆ ಸರಿಯಾದ ನಿದ್ರೆಯಿದೆ. ಉಪದೇಶದ ಪಟ್ಟಿಯಲ್ಲಿ ಒಂದು ಅಂಶವೂ ಬಿಟ್ಟುಹೋಗಿಲ್ಲ. ಆದರೂ ಅವನ ಮಗುವಿನ ಹಲ್ಲಿನ ಮೇಲೆ ಕಂದು ಗೆರೆಗಳು ಮೂಡಿದರೆ, ನಡುವಯಸ್ಸಿನಲ್ಲೇ ಅವನ ಕತ್ತು ಬೆನ್ನು ಬಿಗಿದು ಮೊಣಕಾಲು ಮಡಿಸಲಾಗದಂತಾದರೆ, ಅದಕ್ಕೆ ಅವನ ಯಾವ ಅಶಿಸ್ತು ಕಾರಣ? ಆ ಪಟ್ಟಿಯಲ್ಲಿ ಇದಕ್ಕೆ ಉತ್ತರವಿಲ್ಲ. ಹೆಚ್ಚು ನೀರು ಕುಡಿಯಿರೆಂಬ ಹಿತವಚನವೇ ಇಲ್ಲಿ ಅಹಿತವಾಗಿ ಪರಿಣಮಿಸಬಲ್ಲುದು.

ಕಾರಣ ಫ್ಲೋರೈಡು. ಕೋಲಾರ ಜಿಲ್ಲೆಯ ಅನೇಕ ಕಡೆಗಳಲ್ಲಿ ಅಂತರ್ಜಲದ ಫ್ಲೋರೈಡು ಸುರಕ್ಷಿತ ಮಿತಿಯನ್ನು ಮೀರಿರುವುದು ಬಹುಕಾಲದಿಂದ ತಿಳಿದ ಸಂಗತಿ. ಕಗ್ಗಲ್ಲಿನಲ್ಲಿರುವ ಕೆಲವು ಖನಿಜಗಳು ಫ್ಲೋರೀನನ್ನು ಹಿಡಿದಿಟ್ಟುಕೊಂಡಿರುತ್ತವೆ. ಬಂಡೆಯ ಆಳದ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಕ್ಷಾರಗುಣ ಹೆಚ್ಚಿ ಸುಣ್ಣದ ಅಂಶ ಕಡಿಮೆಯಾದಷ್ಟೂ ಈ ಕರಗುವಿಕೆ ಅಧಿಕ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ವಿಧಿಸಿರುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ, ಭಾರತೀಯ ಮಾನಕ ಅಪೇಕ್ಷಿಸುವುದು 1 ಮಿಲಿಗ್ರಾಂ, ಬೇರೆ ನೀರಿಲ್ಲದಲ್ಲಿ ಮಾತ್ರ ಒಂದೂವರೆ. ಈ ಮಿತಿ ಮೀರಿದ ನೀರನ್ನು ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಕುಡಿದರೆ ಹಲ್ಲಿಗೆ ಕಲೆ; ಅಧಿಕ ಪ್ರಮಾಣದಲ್ಲಿ ಬಹುವರ್ಷ ಕುಡಿದರೆ ಮೂಳೆಗೆ ಕೇಡು. ಒಮ್ಮೆ ಆದ ವಿಕಾರವನ್ನು ಸರಿಪಡಿಸುವ ಔಷಧವಿಲ್ಲ. ಕುದಿಸುವುದರಿಂದ ಫ್ಲೋರೈಡು ಹೋಗದು. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಭಾರತದಲ್ಲಿ ಈ ರೋಗ ಮೊದಲು ವರದಿಯಾದುದು 1937ರಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರು ಸೀಮೆಯಿಂದ. ಎಲ್ಲ ಬಾವಿಗಳ ನೀರೂ ಒಂದೇ ಬಗೆಯದಲ್ಲ. ಒಂದೇ ಊರಿನ ಎರಡು ಕೊಳವೆ ಬಾವಿಗಳ ನಡುವೆಯೇ ವ್ಯತ್ಯಾಸ ಕಾಣಬಹುದು. ಆದ್ದರಿಂದ ಪರೀಕ್ಷೆಯಿಲ್ಲದೆ ಯಾವ ನೀರಿಗೂ ಒಳ್ಳೆಯದೆಂದಾಗಲಿ ಕೆಟ್ಟದೆಂದಾಗಲಿ ಹೆಸರಿಡುವಂತಿಲ್ಲ.

ಈ ಬಂಡೆ ಇಂದಿನದಲ್ಲ. ಸೋಮೇಶ್ವರ ದೇವಾಲಯವನ್ನು ಕಟ್ಟಿದಾಗಲೂ ಇದೇ ಬಂಡೆಯಿತ್ತು. ವ್ಯತ್ಯಾಸವಾದುದು ಜನ ಕುಡಿಯುವ ನೀರಿನ ಆಳದಲ್ಲಿ. ಮಳೆಯಿಂದ ತುಂಬುವ ಕೆರೆಯ ನೀರೂ, ಕೆರೆಯ ಆಸರೆಯಲ್ಲಿ ಜಿನುಗುವ ತೆರೆದ ಬಾವಿಯ ನೀರೂ ಬಂಡೆಯೊಡನೆ ಹೆಚ್ಚು ಕಾಲ ಬೆರೆತಿರುವುದಿಲ್ಲ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಕೆರೆಗಳಲ್ಲಿ ಹೂಳು ತುಂಬಿತು. ನೀರು ಹರಿದುಬರುವ ಕಾಲುವೆಗಳು ಒತ್ತುವರಿಯಾದವು. ಏರಿಯನ್ನು ಕಾಯುತ್ತಿದ್ದ, ತೂಬನ್ನು ತೆರೆದು ನೀರು ಹಂಚುತ್ತಿದ್ದ ನೀರುಗಂಟಿಯ ಕಾಯಕ ಕ್ಷೀಣಿಸಿತು. ಗುಡ್ಡ ಬಯಲುಗಳಲ್ಲಿ ನೀಲಗಿರಿ ತೋಪುಗಳು ಎದ್ದವು. ನೀಲಗಿರಿಯ ಹೊಸ ನಾಟಿಯನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಅಷ್ಟರೊಳಗೆ ತೆರೆದ ಬಾವಿಗಳು ಬತ್ತಿ, ಕೊಳವೆ ಬಾವಿಗಳು ಸಾವಿರ ಅಡಿಯನ್ನೂ ದಾಟಿ ಇಳಿದಿದ್ದವು. ಅಂದಮೇಲೆ ಮಗುವಿನ ಹಲ್ಲಿನ ಕಲೆಯ ಚರಿತ್ರೆ ಆ ಮಗುವಿನ ಮನೆಯಲ್ಲಿ ಪ್ರಾರಂಭವಾಗುವುದಿಲ್ಲ. ಊರಿನ ಕೆರೆಯ ಅಂಗಳದಲ್ಲಿ ಪ್ರಾರಂಭವಾಗುತ್ತದೆ.

ಈ ಸತ್ಯ ಪ್ರಾಚೀನ ವೈದ್ಯಕ್ಕೆ ತಿಳಿಯದುದಲ್ಲ. ಸಮಗ್ರ ಆರೋಗ್ಯದ ಪ್ರತಿಪಾದಕರು ಸುಶ್ರುತನನ್ನು ಹೆಚ್ಚಾಗಿ ನೆನೆಯುತ್ತಾರೆ. ದೋಷ, ಅಗ್ನಿ, ಧಾತು, ಮಲಕ್ರಿಯೆಗಳ ಸಮತ್ವದ ಜೊತೆಗೆ ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯೂ ಇದ್ದಾಗಲೇ ಒಬ್ಬನು ಸ್ವಸ್ಥನೆಂಬ ಅವನ ಲಕ್ಷಣ ನಿಜಕ್ಕೂ ಉದಾತ್ತವಾದುದು. ಆದರೆ ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವನ್ನು ಅಷ್ಟಾಗಿ ಯಾರೂ ಉಲ್ಲೇಖಿಸುವುದಿಲ್ಲ. ಅದರ ವಿಷಯ ಜನಪದೋದ್ಧ್ವಂಸ, ಎಂದರೆ ಜನಪದಕ್ಕೆ ಜನಪದವೇ ಹಾಳಾಗುವ ಬಗೆ. ಕಾಂಪಿಲ್ಯ ನಗರದ ಬಳಿ, ಗಂಗಾತೀರದಲ್ಲಿ ಗುರು ಆತ್ರೇಯನನ್ನು ಶಿಷ್ಯ ಅಗ್ನಿವೇಶ ಒಂದು ಪ್ರಶ್ನೆ ಕೇಳುತ್ತಾನೆ: ಜನರ ಪ್ರಕೃತಿ ಬೇರೆ, ಆಹಾರ ಬೇರೆ, ದೇಹಬಲ ಬೇರೆ, ಸಾತ್ಮ್ಯ ಬೇರೆ, ವಯಸ್ಸು ಬೇರೆ ಆಗಿರುವಾಗ ಒಂದೇ ಕಾಲದಲ್ಲಿ ಒಂದೇ ವ್ಯಾಧಿ ಇಡೀ ಜನಪದವನ್ನು ಹೇಗೆ ನಾಶಮಾಡೀತು? ವ್ಯಕ್ತಿಯ ದಿನಚರಿಯನ್ನೇ ಆರೋಗ್ಯದ ಸರ್ವಸ್ವವೆಂದು ನಂಬಿದ ಶಾಸ್ತ್ರಕ್ಕೆ ಈ ಪ್ರಶ್ನೆ ಕೊಡಲಿಪೆಟ್ಟು. ಆತ್ರೇಯನ ಉತ್ತರ ಸ್ಪಷ್ಟ: ಜನರಲ್ಲಿ ಬೇರೆಬೇರೆಯಾದುವುಗಳ ಜೊತೆಗೆ ಎಲ್ಲರಿಗೂ ಸಾಮಾನ್ಯವಾದ ನಾಲ್ಕು ಭಾವಗಳಿವೆ, ಅವು ವಾಯು, ಉದಕ, ದೇಶ, ಕಾಲ. ಇವು ಕೆಟ್ಟಾಗ ಎಲ್ಲರೂ ಒಟ್ಟಿಗೆ ಕೆಡುತ್ತಾರೆ. ಇವು ಕೆಡುವುದಕ್ಕೆ ಮೂಲವೇನೆಂದು ಕೇಳಿದಾಗ ಅವನು ಅಧರ್ಮವನ್ನೂ, ಅದರ ಹಿಂದಿರುವ ಪ್ರಜ್ಞಾಪರಾಧವನ್ನೂ ಹೆಸರಿಸುತ್ತಾನೆ. ದೇಶ ನಗರಗಳ ಪ್ರಮುಖರಲ್ಲಿ ಮೊದಲಾದ ಅಧರ್ಮ ಅವರನ್ನು ಆಶ್ರಯಿಸಿದ ಪ್ರಜೆಗಳಿಗೆ ಹಬ್ಬುತ್ತದೆಂದು ವಿವರಿಸುತ್ತಾನೆ. ಕುರುಡುಮಲೆಯ ಗಣಪತಿಗೆ ಕಾಯಿ ಒಡೆದು ಪ್ರಚಾರಕ್ಕೆ ಹೊರಡುವ ಪ್ರಮುಖರು ಓದಬೇಕಾದ ಅಧ್ಯಾಯವಿದು. ಸಮಗ್ರತೆಯ ಹೆಸರಿನಲ್ಲಿ ಆಯುರ್ವೇದದಿಂದ ದಿನಚರಿಯನ್ನು ಮಾತ್ರ ಆಯ್ದು ಜನಪದವನ್ನು ಬಿಟ್ಟುದೇ ಆಧುನಿಕ ಪ್ರಚಾರದ ಮೊದಲ ಅಸಮಗ್ರತೆ.

ಕನ್ನಡದಲ್ಲಿಯೂ ಈ ಸಮಷ್ಟಿದೃಷ್ಟಿಗೆ ಹಳೆಯ ಆಧಾರವಿದೆ. ಕ್ರಿ. ಶ. 1025ರ ಸುಮಾರಿನಲ್ಲಿ, ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ ಇಮ್ಮಡಿ ಚಾವುಂಡರಾಯ ‘ಲೋಕೋಪಕಾರ’ವನ್ನು ರಚಿಸಿದ. ಶ್ರವಣಬೆಳಗೊಳದ ಚಾವುಂಡರಾಯ ಇವನಿಗಿಂತ ಹಿಂದಿನವನು, ಬೇರೆಯವನು. ಆ ಹೊತ್ತಿಗೆ ಕೋಲಾರ ಸೀಮೆ ಚೋಳರ ಆಳಿಕೆಯಲ್ಲಿತ್ತು. ರಾಜ್ಯಗಳು ಬೇರೆಯಾಗಿದ್ದರೂ ಕೆರೆಬಾವಿಗಳನ್ನು ನಂಬಿದ ಬದುಕು ಎರಡೂ ಕಡೆ ಒಂದೇ. ‘ಲೋಕೋಪಕಾರ’ದ ವಸ್ತುಗಳನ್ನು ನೋಡಿದರೆ ಸಾಕು, ಅದರ ಸ್ವಾರಸ್ಯ ತಿಳಿಯುತ್ತದೆ: ಮನೆ ಕಟ್ಟುವುದು, ನೆಲದಡಿಯ ನೀರನ್ನು ಗುರುತಿಸುವುದು, ಗಿಡಮರಗಳ ಆರೈಕೆ, ಸುಗಂಧ, ಅಡಿಗೆ, ಮನುಷ್ಯರ ವೈದ್ಯ, ದನಗಳ ವೈದ್ಯ, ವಿಷವೈದ್ಯ. ನೀರು, ಮರ, ಮನೆ, ಅನ್ನ, ಔಷಧ ಇವು ಒಂದೇ ಗ್ರಂಥದ ಭಾಗಗಳು. ವೈದ್ಯವನ್ನು ನೀರಿನಿಂದ ಬೇರ್ಪಡಿಸಿ ಹೇಳಬೇಕೆಂದು ಆ ಲೇಖಕನಿಗೆ ತೋರಲಿಲ್ಲ. ಅದೇ ಗ್ರಂಥದಲ್ಲಿ ಶಕುನ, ಸಾಮುದ್ರಿಕಗಳೂ ಇವೆ ಎಂಬುದನ್ನು ಮರೆಮಾಚಬೇಕಾಗಿಲ್ಲ. ಅವನ್ನು ಇಂದು ಶಾಸ್ತ್ರವೆಂದು ಸ್ವೀಕರಿಸಲು ಬರುವುದಿಲ್ಲ. ಅವನ ಗ್ರಂಥದಿಂದ ಕಲಿಯಬೇಕಾದುದು ಅವನ ಜೋಡಣೆಯನ್ನು. ಅವನ ಎಲ್ಲ ನಂಬಿಕೆಗಳನ್ನೂ ಅಲ್ಲ.

ಇನ್ನು ವಚನ ವಾಙ್ಮಯ. ಆರೋಗ್ಯವನ್ನು ಕುರಿತ ಭಾಷಣಗಳಲ್ಲಿ, ದೇಹವನ್ನೇ ದೇಗುಲವಾಗಿ ಕಂಡ ಬಸವಣ್ಣನವರ ವಚನವೊಂದು ಪದೇ ಪದೇ ಉದ್ಧೃತವಾಗುತ್ತದೆ. ಶರೀರವು ದೇವಾಲಯವಾದ್ದರಿಂದ ಅದನ್ನು ಶುಚಿಯಾಗಿ, ಸದೃಢವಾಗಿ ಇಟ್ಟುಕೊಳ್ಳಿ ಎಂಬುದು ಅದಕ್ಕೆ ಕೊಡುವ ಅರ್ಥ. ಈ ಅರ್ಥದಲ್ಲಿ ತಪ್ಪೇನೂ ಇಲ್ಲವೆಂದು ತೋರಬಹುದು. ಆದರೆ ಆ ವಚನ ಆರಂಭವಾಗುವುದು ದೇಹದ ಶುಚಿಯಿಂದಲ್ಲ. ಉಳ್ಳವರು ಗುಡಿ ಕಟ್ಟಿಸಬಲ್ಲರು, ಬಡವನೇನು ಮಾಡಿಯಾನು ಎಂಬ ಸಂಕಟದಿಂದ. ಅದು ವ್ಯಾಯಾಮದ ಉಪದೇಶವಲ್ಲ, ಬಡವನ ದೇಹದ ಘನತೆಯ ಘೋಷಣೆ. ಉಳ್ಳವರ ಕಲ್ಲಿನ ಗುಡಿಗೆ ಸಲ್ಲುವ ಗೌರವ, ಇಲ್ಲದವನ ಕಾಲು, ಒಡಲು, ತಲೆಗಳಿಗೆ ಸಲ್ಲಬೇಕೆಂಬುದು ಅದರ ತಾತ್ಪರ್ಯ. ಹಾಗಾದರೆ ಫ್ಲೋರೈಡಿನಿಂದ ಮಡಿಸಲಾಗದಂತಾದ ಕೂಲಿಕಾರನ ಮೊಣಕಾಲು ಬಸವಣ್ಣನವರ ಅಳತೆಯಲ್ಲಿ ಶಿಥಿಲವಾದ ದೇಗುಲದ ಕಂಬ. ಗುಡಿಯ ಕಂಬ ಬಿರಿದರೆ ಜೀರ್ಣೋದ್ಧಾರ ಸಮಿತಿಯಾಗುತ್ತದೆ. ಈ ಕಂಬ ಬಿರಿದರೆ ನಿನ್ನ ಜೀವನಕ್ರಮ ಸರಿಯಿಲ್ಲವೆಂಬ ಉಪದೇಶವಾಗುತ್ತದೆ. ಈ ಅಂತರವನ್ನು ಕಾಣದ ಓದು ವಚನದ ಓದಲ್ಲ.

ಆದರೆ ಹೊರಗಣ ಕೆಲಸವೊಂದೇ ಸಾಕೆಂಬ ವಾದಕ್ಕೂ ಶರಣ ಸಾಹಿತ್ಯದಲ್ಲಿ ಎಡೆಯಿಲ್ಲ. ಇದಕ್ಕೆ ನಿದರ್ಶನ ಸೊನ್ನಲಿಗೆಯ ಸಿದ್ಧರಾಮನ ವೃತ್ತಾಂತ. ಇಂದಿನ ಸೊಲ್ಲಾಪುರದಲ್ಲಿ ಅವನ ಹೆಸರಿನ ಕೆರೆ, ಕೆರೆಯ ನಡುವೆ ಸಿದ್ಧೇಶ್ವರನ ಗುಡಿ ಇಂದಿಗೂ ಇವೆ. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ ಈ ಕೆರೆಯ ಕಾರ್ಯವನ್ನು ಶಿವಪೂಜೆಯ ಎತ್ತರಕ್ಕೆ ಏರಿಸಿ ವರ್ಣಿಸುತ್ತದೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನಿಂದ ಮೊದಲು ಸಂಕಲನಗೊಂಡ ‘ಶೂನ್ಯಸಂಪಾದನೆ’ಯಲ್ಲಿ ಮಾತ್ರ ಇದೇ ಕೆರೆ ವಿಮರ್ಶೆಗೆ ಗುರಿಯಾಗುತ್ತದೆ. ಅಲ್ಲಮಪ್ರಭು ಸೊನ್ನಲಿಗೆಗೆ ಬಂದು, ಮಣ್ಣು ಹೊರುವವರ ಮುಂದೆ ಸಿದ್ಧರಾಮನನ್ನು ಒಡ್ಡನೆಂದು ಕರೆದು ಕೆಣಕುತ್ತಾನೆ. ಸಿದ್ಧರಾಮ ಸಿಡಿದೇಳುತ್ತಾನೆ. ಆ ಕೋಪವೇ ಅಲ್ಲಮನಿಗೆ ಬೇಕಾದ ಸಾಕ್ಷಿ. ಇಷ್ಟು ದೊಡ್ಡ ಲೋಕಹಿತವನ್ನು ಮಾಡಿದವನೊಳಗೆ ‘ಮಾಡಿದೆ’ನೆಂಬುದು ಇನ್ನೂ ಉಳಿದಿತ್ತು. ಇದನ್ನು ಕೆರೆ ಕಟ್ಟುವುದರ ನಿಷೇಧವೆಂದು ಓದುವ ವಾಡಿಕೆ ಇದೆ, ಅದು ಸರಿಯಲ್ಲ. ಅಲ್ಲಮನು ಕೆರೆಯನ್ನು ಒಡೆಯಲಿಲ್ಲ. ಕೆರೆ ಕಟ್ಟಿದವನ ಅಹಂಕಾರವನ್ನು ಒಡೆದ. ಹೊರಗಣ ಕೆರೆಗೆ ಒಳಗಣ ಕಣ್ಣನ್ನು ಕೊಟ್ಟ. ಸಿದ್ಧರಾಮನನ್ನು ಕಳೆದು ಅಲ್ಲಮನನ್ನು ಉಳಿಸಿಕೊಂಡರೆ ಅಥವಾ ಅಲ್ಲಮನನ್ನು ಕಳೆದು ಸಿದ್ಧರಾಮನನ್ನು ಉಳಿಸಿಕೊಂಡರೆ ಆ ಪ್ರಸಂಗವೇ ನಿಷ್ಫಲ.

ಈ ಪ್ರಸಂಗವನ್ನು ಅಳತೆಗೋಲಾಗಿ ಹಿಡಿದರೆ ಇಂದಿನ ಎರಡು ದೋಷಗಳು ಒಟ್ಟಿಗೆ ಗೋಚರವಾಗುತ್ತವೆ. ಒಂದು ಕಡೆ, ಒಳಗನ್ನು ಮಾತ್ರ ಹಿಡಿದ ಸಮಗ್ರಾರೋಗ್ಯ: ‘ನಾನು’ ಎದ್ದೆ, ‘ನಾನು’ ಉಪವಾಸ ಮಾಡಿದೆ, ‘ನಾನು’ ಧ್ಯಾನಿಸಿದೆ ಎಂಬ ಲೆಕ್ಕದ ಪುಸ್ತಕ, ಅದರಲ್ಲಿ ನೆರೆಮನೆಯ ನೀರಿಗೆ ಜಾಗವಿಲ್ಲ. ಇನ್ನೊಂದು ಕಡೆ, ಹೊರಗನ್ನು ಮಾತ್ರ ಹಿಡಿದ ಯೋಜನೆ. ಊರೂರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಇವು ಫ್ಲೋರೈಡನ್ನು ಬಹುಮಟ್ಟಿಗೆ ತೆಗೆಯುತ್ತವೆ. ಇವುಗಳ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಪರದೆಗಳನ್ನು ಕಾಲಕಾಲಕ್ಕೆ ಬದಲಾಯಿಸದ, ನೀರನ್ನು ಮತ್ತೆ ಮತ್ತೆ ಪರೀಕ್ಷಿಸದ ಘಟಕ ಶುದ್ಧಿಯ ಹೆಸರನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಘಟಕ ಹೊರಚೆಲ್ಲುವ ನೀರಿನಲ್ಲಿ ಅದೇ ಫ್ಲೋರೈಡು ಸಾಂದ್ರವಾಗಿರುತ್ತದೆ. ಉದ್ಘಾಟನೆಯ ಕಲ್ಲಿನ ಮೇಲೆ ಹೆಸರುಗಳಿರುತ್ತವೆ. ನೀರುಗಂಟಿಯ ಹೆಸರಿರುವುದಿಲ್ಲ, ಏಕೆಂದರೆ ನೀರುಗಂಟಿಯೇ ಇಲ್ಲ. 2018ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ ಆರಂಭವಾಯಿತು. ನೂರಕ್ಕೂ ಹೆಚ್ಚು ಕೆರೆಗಳನ್ನು ತುಂಬಿಸಿ ಅಂತರ್ಜಲವನ್ನು ಮೇಲೆತ್ತುವುದು ಅದರ ಉದ್ದೇಶ. ಬತ್ತಿದ ಕೆರೆ ತುಂಬಿದುದನ್ನು ಕಂಡ ರೈತನ ಸಂತೋಷ ನಿಜವಾದುದು. ಎರಡು ಹಂತಗಳ ಸಂಸ್ಕರಣ ಸಾಕೇ, ಮೂರನೆಯ ಹಂತ ಬೇಡವೇ ಎಂದು ಜಿಲ್ಲೆಯ ಜನ ಎತ್ತಿದ ಪ್ರಶ್ನೆಯೂ ಅಷ್ಟೇ ನಿಜವಾದುದು. ಕೆರೆ ತುಂಬಿತೆಂಬ ಮಾತ್ರಕ್ಕೆ ಕೆರೆಯ ಕ್ಷೇಮವಾಗುವುದಿಲ್ಲ. ಏನು ತುಂಬಿತೆಂಬುದನ್ನು ನೋಡುವ ಕಣ್ಣು ಬೇಕು. ಸೊನ್ನಲಿಗೆಯಲ್ಲಿ ಅಲ್ಲಮ ಕೇಳಿದುದು ಈ ಕಣ್ಣನ್ನೇ.

ಹಳೆಯದನ್ನು ಸ್ವರ್ಗವೆಂದು ಬಣ್ಣಿಸುವ ಪ್ರಲೋಭನಕ್ಕೆ ಇಲ್ಲಿ ಒಳಗಾಗಬಾರದು. ಕೆರೆಯ ನೀರನ್ನು ಗದ್ದೆಗದ್ದೆಗೆ ಹಂಚುತ್ತಿದ್ದ ನೀರುಗಂಟಿ ಹಲವೆಡೆ ದಲಿತ ಸಮುದಾಯದವನೇ ಆಗಿದ್ದರೂ ಸೇದುವ ಬಾವಿಯ ಕಟ್ಟೆಯನ್ನು ಏರುವ ಅಧಿಕಾರ ಅವನಿಗಿರಲಿಲ್ಲ. ಏರಿಗೆ ಮಣ್ಣು ಹೊತ್ತವರಲ್ಲಿ ಬಿಟ್ಟಿ ದುಡಿದವರೂ ಇದ್ದರು. ಹಳೆಯ ಕೆರೆಬಾವಿಗಳ ನೀರಿನಲ್ಲಿ ಫ್ಲೋರೈಡು ಕಡಿಮೆಯಿದ್ದಿರಬಹುದು. ಆದರೆ ವಾಂತಿಭೇದಿ, ನಾರುಹುಣ್ಣುಗಳ ಭಯವಿತ್ತು. ಕೊಳವೆ ಬಾವಿ ಬಂದಾಗ ಜನ ಅದನ್ನು ವರವೆಂದು ಸ್ವಾಗತಿಸಿದುದಕ್ಕೆ ಸಕಾರಣವಿತ್ತು. ಹಾಗೆಯೇ ರೋಗವನ್ನು ಪೂರ್ವಜನ್ಮದ ಕರ್ಮದ ಫಲವೆಂದು ಹೇಳಿ ಕೈತೊಳೆದುಕೊಳ್ಳುವ ಪ್ರವೃತ್ತಿ ಪರಂಪರೆಯೊಳಗೇ ಬೆಳೆದ ದೋಷ. ಇಂದಿನ ಆರೋಗ್ಯಪ್ರಚಾರ ಅದೇ ದೋಷವನ್ನು ಬೇರೆ ಉಡುಪಿನಲ್ಲಿ ತಂದಿದೆ: ಅಂದು ಪೂರ್ವಕರ್ಮ, ಇಂದು ಜೀವನಶೈಲಿ; ಎರಡರಲ್ಲಿಯೂ ರೋಗಿಯೇ ಅಪರಾಧಿ. ಶರಣರು ಐದು ಸೂತಕಗಳನ್ನು ನಿರಾಕರಿಸಿದಾಗ ದೇಹಕ್ಕಂಟಿದ ಇಂಥ ಅಪವಾದವೊಂದನ್ನು ತೊಡೆದರು. ಮುಟ್ಟಿನ, ಹೆರಿಗೆಯ ದೇಹ ಅಶುದ್ಧವೆಂಬ ಭಾವನೆ ಹೋಗದ ಮನೆಯಲ್ಲಿ ಹೆಂಗಸಿನ ಆರೋಗ್ಯ ಸಮಗ್ರವಾಗುವುದೆಂತು? ಎಲ್ಲರ ಊಟವಾದ ಮೇಲೆ ಉಳಿದುದನ್ನು ಉಣ್ಣುವವಳಿಗೆ ಸಮತೋಲನ ಆಹಾರದ ಉಪದೇಶ ಏನನ್ನು ತಂದುಕೊಟ್ಟೀತು? 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹದಿನೈದರಿಂದ ನಲವತ್ತೊಂಬತ್ತು ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿರುವುದು ಕಂಡುಬಂದಿತು. ಇದು ಅರ್ಧ ನಾಡಿನ ಹೆಂಗಸರ ಅಶಿಸ್ತೆಂದು ಯಾರೂ ಹೇಳಲಾರರು.

ಹಾಗೆಂದು ವ್ಯಕ್ತಿಯ ಶಿಸ್ತು ನಿರರ್ಥಕವೆಂಬ ನಿರ್ಣಯಕ್ಕೆ ಬರುವುದೂ ತಪ್ಪು. ಇದೇ ಫ್ಲೋರೈಡಿನ ವಿಷಯದಲ್ಲಿ ಆಹಾರದ ಪಾತ್ರ ಸಣ್ಣದಲ್ಲ. ಸುಣ್ಣದ ಅಂಶ ಮತ್ತು ಸಿ ಜೀವಸತ್ವದ ಕೊರತೆಯಿರುವ ದೇಹದಲ್ಲಿ ಫ್ಲೋರೈಡಿನ ಹಾವಳಿ ಉಗ್ರವಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮೀರಿದ ಸುಣ್ಣದ ಅಂಶವಿದೆ. ಧಾನ್ಯಗಳಲ್ಲಿ ಇದು ಅಪೂರ್ವ. ಹೊಲದ ಬದುಗಳಲ್ಲಿ ತಾನಾಗಿ ಬೆಳೆಯುವ ಅಣ್ಣೆ, ಗಣಿಕೆ ಮುಂತಾದ ಹತ್ತು ಬಗೆಯ ಎಲೆಗಳನ್ನು ಕೂಡಿಸಿ ಮಾಡುವ ಬೆರಕೆ ಸೊಪ್ಪಿನ ಸಾರು ಈ ಸೀಮೆಯ ಹೆಂಗಸರ ವಿದ್ಯೆ. ಯಾವ ಗ್ರಂಥವನ್ನೂ ಓದದೆ ಅವರು ಬಡವನ ಊಟಕ್ಕೆ ಬಲವನ್ನು ಕೂಡಿಸಿದರು. ಆದರೆ ಆ ಸೊಪ್ಪು ಬೆಳೆಯುವುದಕ್ಕೂ ಬದು ಬೇಕು. 1960ರ ದಶಕದಿಂದೀಚೆಗೆ ನಾಡಿನಲ್ಲಿ ಹರಡಿದ ರಾಸಾಯನಿಕ ಬೇಸಾಯ, ಟೊಮೆಟೊ ತೋಟಕ್ಕೆ ಸಿಂಪಡಿಸುವ ಕೀಟನಾಶಕ, ಕಳೆನಾಶಕಗಳು ಬದುವಿಗೂ ತಲುಪುತ್ತವೆ. ವಡ್ಡಹಳ್ಳಿಯ ಮಾರುಕಟ್ಟೆಗೆ ಲಾರಿಗಟ್ಟಲೆ ಹಣ್ಣು ಕಳಿಸುವ ತಾಲೂಕಿನಲ್ಲಿ ಬೆರಕೆ ಸೊಪ್ಪು ಆಯುವ ಕೈ ಎಲ್ಲಿ ನಿಲ್ಲಬೇಕೆಂಬುದೂ ಆರೋಗ್ಯದ ಪ್ರಶ್ನೆಯೇ. ಅನ್ನದ ದಾರಿಯನ್ನು ಹಿಡಿದು ಹೊರಟರೂ ವಿಚಾರ ಮನೆಯ ಹೊಸ್ತಿಲನ್ನು ದಾಟಿ ಊರಿನ ನೆಲಕ್ಕೆ ಬಂದು ನಿಲ್ಲುತ್ತದೆ.

ಇಲ್ಲಿ ಕಾಯಕ, ದಾಸೋಹಗಳೆಂಬ ಎರಡು ಪದಗಳು ಸಾಧಾರಣ ಸ್ತುತಿಯ ಮಾತಾಗದೆ ವಿಚಾರದ ಉಪಕರಣಗಳಾಗುತ್ತವೆ. ಕಾಯದಿಂದ ಹೊರಟು ಲೋಕಕ್ಕೆ ತಲುಪುವ ಕ್ರಿಯೆ ಕಾಯಕ. ಲೋಕದಿಂದ ಪಡೆದುದನ್ನು ಲೋಕಕ್ಕೆ ಹಿಂದಿರುಗಿಸುವುದು ದಾಸೋಹ. ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದುಬರುವಂತೆ ಹೇಳಿದಳೆಂಬ ಪ್ರಸಂಗ ಪ್ರಸಿದ್ಧ. ಸಾವಿರ ಅಡಿಯ ಆಳದಿಂದ ನೀರನ್ನು ಎತ್ತುವ ಕಾಲದಲ್ಲಿ ಆ ಪ್ರಸಂಗಕ್ಕೆ ಹೊಸ ಅರ್ಥವಿದೆ. ಮನೆಯ ಚಾವಣಿಯ ಮಳೆನೀರನ್ನು ಕುಡಿಯಲು ಹಿಡಿದಿಡುವುದು, ಆ ನೀರನ್ನು ಶೋಧಿಸಿ ಶುಚಿಯಾಗಿ ಕಾಪಾಡುವುದು ಒಂದು ಕುಟುಂಬದ ಸಾಮರ್ಥ್ಯಕ್ಕೆ ಎಟುಕುವ ಕೆಲಸ. ಮಳೆಯ ನೀರಿನಲ್ಲಿ ಬಂಡೆಯ ಫ್ಲೋರೈಡಿಲ್ಲ. ಕುಡಿಯುವ ಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸಿ ಫಲಿತಾಂಶವನ್ನು ಊರಿಗೆ ತಿಳಿಯುವಂತೆ ಬರೆದಿಡುವುದು ಪಂಚಾಯತಿಯ ಸಾಮರ್ಥ್ಯಕ್ಕೆ ಎಟುಕುವ ಕೆಲಸ. ಕಾಲುವೆಯ ಒತ್ತುವರಿಯನ್ನು ಬಿಡಿಸುವುದು, ಕೆರೆಯ ಹೂಳನ್ನು ಹೊಲಕ್ಕೆ ಹಾಕುವುದು, ಘಟಕವನ್ನು ಕಾಯುವವನಿಗೆ ನೆಮ್ಮದಿಯ ಸಂಬಳ ಕೊಡುವುದು ಊರು ಮತ್ತು ಸರ್ಕಾರ ಕೂಡಿ ಮಾಡಬೇಕಾದವು. ಇವುಗಳಲ್ಲಿ ಒಂದೂ ಯೋಗಾಸನದ ಪುಸ್ತಕದಲ್ಲಿಲ್ಲ. ಆದರೂ ಇವೆಲ್ಲ ಆರೋಗ್ಯಸಾಧನೆಗಳೇ.

ಒಟ್ಟಿನಲ್ಲಿ, ವ್ಯಕ್ತಿಯ ಚರ್ಮದ ಅಂಚಿನಲ್ಲಿ ನಿಂತುಹೋಗುವ ಆರೋಗ್ಯ ಎಷ್ಟೇ ಶಿಸ್ತಿನದಾದರೂ ಸಮಗ್ರವಲ್ಲ. ವ್ಯಕ್ತಿಯ ಎಚ್ಚರವಿಲ್ಲದ ಸಾರ್ವಜನಿಕ ಯೋಜನೆ ಎಷ್ಟೇ ದೊಡ್ಡದಾದರೂ ಸಮಗ್ರವಲ್ಲ. ಅಗ್ನಿವೇಶನ ಪ್ರಶ್ನೆ, ಚಾವುಂಡರಾಯನ ಜೋಡಣೆ, ಬಸವಣ್ಣನವರ ಸಂಕಟ, ಸೊನ್ನಲಿಗೆಯಲ್ಲಿ ಅಲ್ಲಮ ಸಿದ್ಧರಾಮರ ಮುಖಾಮುಖಿ ಇವು ನಾಲ್ಕೂ ಬೇರೆ ಬೇರೆ ದಾರಿಗಳಿಂದ ಈ ಒಂದು ಮಾತಿಗೆ ಬಂದು ಸೇರುತ್ತವೆ. ಕುರುಡುಮಲೆಯ ಗಣಪತಿಯ ಮುಂದೆ ಹೊಸ ಕೆಲಸವನ್ನು ಸಂಕಲ್ಪಿಸುವ ಜನ ಇಂದಿಗೂ ಬರುತ್ತಾರೆ. ತನ್ನ ಮತ್ತು ತನ್ನವರ ಆರೋಗ್ಯಕ್ಕಾಗಿ ಬೇಡಿಕೊಳ್ಳುವವನು ಕೈಮುಗಿದು ಹೊರಗೆ ಬಂದು, ಮನೆಯ ಕೊಡದಲ್ಲಿರುವ ನೀರು ಯಾವ ಆಳದಿಂದ ಬಂದುದು, ಅದನ್ನು ಕೊನೆಯ ಬಾರಿ ಪರೀಕ್ಷಿಸಿದವರು ಯಾರು ಎಂದು ಕೇಳಿದರೆ, ಅವನ ಸಂಕಲ್ಪದ ಮೊದಲ ವಿಘ್ನ ಅಲ್ಲಿಯೇ ಪರಿಹಾರವಾದಂತೆ.